ಐದು ಮಂದಿಯ ಆಂಪ್ಲಿಫೈಯರ್

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ವೋಲ್ಟು, ಓಮು, ವ್ಯಾಟುಗಳ ಪಾಠವನ್ನು ಕಣ್ಣು ಮುಚ್ಚಿ ಹೇಳುತ್ತಿದ್ದವನಿಗೆ, ಮನೆಯ ಎರಡು ಸ್ಪೀಕರುಗಳಿಗೆ ಹೊಂದುವ ಒಂದು ಆಂಪ್ಲಿಫೈಯರ್ ಆರಿಸುವುದು ಯಾವ ದೊಡ್ಡ ಮಾತು ಎಂಬ ಜಂಬವಿತ್ತು. ಆ ಜಂಬ ಇಳಿಯಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಪೆಟ್ಟಿಗೆ ಹೊತ್ತು ಎಷ್ಟು ಸಲ ಬಸ್ಸು ಹತ್ತಿದೆನೋ, ಕಂಡಕ್ಟರುಗಳು ನನ್ನನ್ನು ರೇಡಿಯೋ ರಿಪೇರಿಯವನೆಂದೇ ತಿಳಿದಿದ್ದರು.

ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯೊಂದರಲ್ಲಿ ನನ್ನ ಬಾಡಿಗೆ ಮನೆ. ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಮಲಗುವ ಸಣ್ಣ ಕೋಣೆ. ಪಡಸಾಲೆಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತರೆ ಎಡಗಡೆಗೆ ಅಡಿಗೆಮನೆಯ ಬಾಗಿಲು, ಬಲಗಡೆಗೆ ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ನನ್ನ ಹಳೆಯ ಟೇಪ್ ರೆಕಾರ್ಡರ್ ಇರುತ್ತಿತ್ತು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಮನೆಯಲ್ಲಿ ನಾನು ಒಬ್ಬನೇ ಇದ್ದೆ.

ನಾಲ್ಕು ವರ್ಷ ನನ್ನೊಂದಿಗೆ ಬಾಳಿದ ಹೆಂಡತಿ ಪಂಚಮಿ ಹಬ್ಬಕ್ಕೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಜಗಳ ಆಗಿರಲಿಲ್ಲ. ಕರೆಯಲು ಹೋದ ನನ್ನ ಅಕ್ಕನ ಮುಂದೆ ಅವಳು ಅಂದದ್ದು ಇಷ್ಟೇ: “ನಾ ಏನ್ ಕೇಳಿದ್ರೂ ಅವರು ಉತ್ತರ ಕೊಡಂಗಿಲ್ರಿ ಅಕ್ಕಾ. ನಾಲ್ಕ್ ವರ್ಷ ಗ್ವಾಡಿ ಜೋಡಿ ಮಾತಾಡ್ದಂಗ ಆತು. ಇನ್ ಸಾಕ್ರಿ.” ಅಕ್ಕ ಬಂದು ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನನ್ನ ಪ್ರಕಾರ ಮಾತಿಲ್ಲದವಳು ಅವಳೇ. ಸಾಲೆಯಿಂದ ಬಂದು, ಟೇಪ್ ಹಚ್ಚಿ, ಕುರ್ಚಿಯಲ್ಲಿ ಕೂತರೆ ಅಡಿಗೆಮನೆಯ ಕಡೆಯಿಂದ ಒಂದು ಮಾತು ಬರುತ್ತಿರಲಿಲ್ಲ. ಎಷ್ಟೋ ಸಲ ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಏನು ಎಂದು ಹುಬ್ಬು ಹಾರಿಸಿದರೆ ಒಳಗೆ ಹೋಗಿಬಿಡುತ್ತಿದ್ದಳು. ಇಂಥವಳು ನನ್ನನ್ನು ಗೋಡೆ ಅನ್ನುವುದೇ ಎಂಬ ಸಿಟ್ಟಿನಲ್ಲಿ ನಾನೂ ಕರೆಯಲು ಹೋಗಲಿಲ್ಲ. ಮೂರನೇ ವರ್ಷಕ್ಕೆ ಸೊಲ್ಲಾಪುರದ ಕಡೆ ಅವಳಿಗೆ ಮರುಮದುವೆ ಮಾಡಿದರು ಎಂಬ ಸುದ್ದಿ ಬಂತು. ಅವತ್ತು ಸಾಲೆಗೆ ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡಿದ್ದೆ.

ಮೊದಮೊದಲು ಸಾಲೆಯ ಜೊತೆಯವರು ಬುದ್ಧಿ ಹೇಳಲಾದರೂ ಬರುತ್ತಿದ್ದರು. ನನ್ನ ಮೂಗಿನ ತುದಿಯ ಸಿಟ್ಟಿಗೆ ಅವರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಸಂಜೆ ಐದಕ್ಕೆ ಮನೆಯ ಕೀಲಿ ತೆಗೆದರೆ ಮರುದಿನ ಬೆಳಗ್ಗೆ ಹಾಲಿನವಳ ಜೊತೆ ಆಡುವ ಎರಡು ಮಾತೇ ನನ್ನ ಮುಂದಿನ ಮಾತು. ನಡುವೆ ಇರುವ ಹೊತ್ತನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಒಂದು ದನಿ ಇರಲಿ ಎಂದು ಟೇಪ್ ಹಚ್ಚಿಡುತ್ತಿದ್ದೆ. ವಚನ ಗಾಯನ, ಸಿತಾರು, ಹಳೆಯ ಹಿಂದಿ ಹಾಡು, ಯಾವುದಾದರೂ ನಡೆಯುತ್ತಿತ್ತು.

ಆಗ ಬಂದವು ಸ್ಪೀಕರುಗಳು. ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಇದ್ದ ಇಂಜಿನಿಯರ್ ಒಬ್ಬರ ಮಗಳಿಗೆ ನಾನು ಭಾನುವಾರ ಪಾಠ ಹೇಳಿದ್ದೆ. ವರ್ಗವಾಗಿ ಹೋಗುವಾಗ ಅವರು, “ಆಂಪ್ಲಿಫೈಯರ್ ಕರೆಂಟಿಗೆ ಸುಟ್ಟುಹೋಯಿತು, ಸ್ಪೀಕರ್ ಮಾತ್ರ ಚೆನ್ನಾಗಿವೆ, ನಿಮಗೆ ಸಂಗೀತದ ಹುಚ್ಚು ಅಂತ ಮಗಳು ಹೇಳಿದಳು,” ಎಂದು ಎರಡೂ ನನಗೆ ಕೊಟ್ಟರು. ಮೊಣಕಾಲೆತ್ತರದ ಮರದ ಪೆಟ್ಟಿಗೆಗಳು, ಮುಂದೆ ಕಪ್ಪು ಬಟ್ಟೆ, ಹಿಂದೆ ಒಂದು ಸಣ್ಣ ಚೀಟಿಯಲ್ಲಿ ಎಂಟು ಓಮ್, ಅರವತ್ತು ವ್ಯಾಟ್ ಎಂದು ಬರೆದಿತ್ತು. ಬಸ್ಸಿನಲ್ಲಿ ಒಂದನ್ನು ತೊಡೆಯ ಮೇಲೆ, ಒಂದನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಕೂತೆ. ನಡುದಾರಿಯ ರಾಜೇಶ್ವರದಲ್ಲಿ ಹತ್ತಿದ ಒಬ್ಬ ಅಜ್ಜಿ, “ಇದಕ್ಕೂ ಸೀಟ್ ಬೇಕೇನ್ರಿ ತಮ್ಮಾ?” ಎಂದು ಅದನ್ನು ಎತ್ತಿ ಕೆಳಗಿಟ್ಟು ಕೂತಳು. ಊರು ಬರುವ ತನಕ ಅವಳ ಕಾಲು ಸ್ಪೀಕರಿಗೆ ತಾಗದಂತೆ ಕಾಯುವುದೇ ನನ್ನ ಕೆಲಸವಾಯಿತು.

ಮೊದಲನೆಯ ಆಂಪ್ಲಿಫೈಯರನ್ನು ಊರಲ್ಲೇ ತೆಗೆದುಕೊಂಡೆ. ಡಬ್ಬಿಯ ಮೇಲೆ ಸಾವಿರ ವ್ಯಾಟ್ ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು. ಅದು ಸುಳ್ಳು ಎಂದು ವಿಜ್ಞಾನದ ಮಾಸ್ತರನಿಗೆ ಗೊತ್ತಾಗಬೇಕಿತ್ತು. ಮನೆಗೆ ತಂದು ಬಿಚ್ಚಿದರೆ ಒಳಗೆ ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರ್. ಮೆಲ್ಲಗೆ ಇಟ್ಟರೆ ಹಾಡು ಸೊರಗಿದಂತೆ, ಜೋರು ಮಾಡಿದರೆ ಗಂಟಲು ಹರಿದಂತೆ. ಹಟಕ್ಕೆ ಬಿದ್ದು ಜೋರಾಗಿಯೇ ಹಚ್ಚಿದೆ. ಹದಿನೈದು ದಿನಕ್ಕೆ ಎರಡೂ ಸ್ಪೀಕರಿನೊಳಗಿನ ಸಣ್ಣ ಟ್ವೀಟರುಗಳು ಸುಟ್ಟವು. ಅವನ್ನು ಹಾಕಿಸಲು ಯಾರಿದ್ದಾರೆ ಎಂದು ಕೇಳಿದಾಗ ಎಲ್ಲರೂ ಒಬ್ಬರನ್ನೇ ತೋರಿಸಿದರು.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿ. ಐವತ್ತು ದಾಟಿದ ಮುಸ್ಲಿಂ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಸೀಮೆಯೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಮದುವೆ, ಉರುಸು, ಪುರಾಣ, ಚುನಾವಣೆ, ಎಲ್ಲಕ್ಕೂ ಅವರ ಪೆಟ್ಟಿಗೆಗಳೇ. ಹೈದರಾಬಾದಿನಿಂದ ಬಿಡಿಭಾಗ ತಂದು, ಟ್ರಾನ್ಸ್‌ಫಾರ್ಮರನ್ನು ಕೈಯಿಂದಲೇ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿ ಅವರೇ ಆಂಪ್ಲಿಫೈಯರ್ ಕಟ್ಟುತ್ತಿದ್ದರು.

ಉಸ್ತಾದರ ಬಳಿ ವ್ಯಾಟಿನ ಮಾತು ನಡೆಯುತ್ತಿರಲಿಲ್ಲ. ಅವರು ಅಳೆಯುವುದೆಲ್ಲ ಮಂದಿಯಿಂದ. ಇದು ಮುನ್ನೂರು ಮಂದಿಯ ಆಂಪ್ಲಿ, ಅದು ಸಾವಿರ ಮಂದಿಯ ಆಂಪ್ಲಿ, ಮೂಲೆಯಲ್ಲಿ ಇರುವುದು ನಾಮಕರಣಕ್ಕೆ ಹೋಗುವ ಐವತ್ತು ಮಂದಿಯದು. ಕಟ್ಟಿ ಮುಗಿಸಿದ ಮೇಲೆ ಮುಚ್ಚಳದ ಒಳಮೈಗೆ ಪೆನ್ಸಿಲಿನಿಂದ ಆ ಸಂಖ್ಯೆಯನ್ನು ಉರ್ದು ಅಂಕಿಯಲ್ಲಿ ಬರೆಯುತ್ತಿದ್ದರು. ಹೇಳಿದ್ದಕ್ಕಿಂತ ಹೆಚ್ಚು ಮಂದಿಗೆ ಅದನ್ನು ಬಳಸಿ ಸುಟ್ಟುಕೊಂಡು ಬಂದರೆ ಮುಚ್ಚಳ ತೆಗೆದು ಅಂಕಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು.

ನನ್ನ ಸುಟ್ಟ ಟ್ವೀಟರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ ಅವರು ಅಂದರು, “ಸಣ್ಣ ಆಂಪ್ಲಿಗಿ ಜೋರ್ಲೇ ಒದರಿಸಿದ್ರಲ್ಲ ಮಾಸ್ತರ್. ದೊಡ್ಡದು ಮೆಲ್ಲಕ ಹಾಡಿದ್ರ ಸ್ಪೀಕರಕ ಏನೂ ಆಗಂಗಿಲ್ಲ. ಸಣ್ಣದು ಜೀವ ಹೋಗಂಗ ಒದರಿದ್ರ ಸುಡ್ತದ. ಇರ್ಲಿ. ಎಷ್ಟ್ ಮಂದಿ ಕುಂತು ಕೇಳ್ತಾರ?”

ನಾನು ಎಂಟು ಓಮಿನ, ಅರವತ್ತು ವ್ಯಾಟಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡು ಹೋಗಿದ್ದೆ. ಅದನ್ನು ಅವರ ಮುಂದೆ ಚಾಚಿದೆ.

“ಇದು ಸ್ಪೀಕರಿನ ಮಾತಾತು,” ಎಂದು ಕಾಗದವನ್ನು ಮಡಚಿ ವಾಪಸು ಕೊಟ್ಟರು. “ನಾ ಕೇಳಾಕತ್ತಿದ್ದು ಮಂದಿ. ಒಬ್ಬರೇ ಕೇಳೋದಿದ್ರ ಅವರ ಕಿವಿ ನೋಡಿ ಮಾಡ್ಬೇಕಾಗ್ತದ. ನಾಕ್ ಮಂದಿ ಅಂದ್ರ ಎಲ್ಲರಿಗೂ ಬರಾಬರ್ ಬರಂಗ ಮಾಡ್ಬೇಕು. ಎಷ್ಟ್ ಮಂದಿ?”

ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳು ಕೂತಿದ್ದರು. ಒಬ್ಬನೇ ಎನ್ನಲು ನಾಲಿಗೆ ಏಳಲಿಲ್ಲ. ಒಬ್ಬನೇ ಅಂದರೆ ಮುಂದಿನ ಪ್ರಶ್ನೆ ಮನೆಯವರು ಎಲ್ಲಿ ಎಂಬುದು. ಅದಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿತ್ತು.

“ನನ್ನ ಹಿಡದು ಐದ್ ಮಂದಿರಿ,” ಅಂದೆ. “ನಮ್ಮ ಸ್ಟಾಫಿನವರು ದಿನಾ ಸಂಜಿಕ ಬಂದು ಕೂಡ್ತಾರ.”

“ವಾ, ಅಂದ್ರ ನಿಮ್ಮ ಬಲ್ಲಿ ದಿನಾ ಹಾಡಿನ ಮೈಫಿಲ್ ಅನ್ರಿ,” ಎಂದು ಉಸ್ತಾದ್ ನಿಜವಾಗಿಯೂ ಖುಷಿಪಟ್ಟರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಒಂದು ಚೀಟಿಯ ಮೇಲೆ ಐದು ಎಂದು ಬರೆದುಕೊಂಡರು.

ಒಂದು ತಿಂಗಳಿಗೆ ಪೆಟ್ಟಿಗೆ ತಯಾರಾಯಿತು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಮುಂದೆ ಒಂದು ದೀಪ, ಒಂದೇ ಒಂದು ಗುಂಡಿ. ಮೊದಲಿನ ಡಬ್ಬಿಯಲ್ಲಿ ಇದ್ದಂಥ, ಎಡಬಲದ ದನಿಯನ್ನು ಬೇರೆ ಬೇರೆ ಏರಿಳಿಸುವ ಗುಂಡಿಯನ್ನು ಉಸ್ತಾದ್ ಇಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರೋ ಅದನ್ನು ಒಂದೇ ಕಡೆ ತಿರುವಿ ಹಾರ್ನು ಸುಟ್ಟಿದ್ದರಂತೆ, ಅಂದಿನಿಂದ ಬಿಟ್ಟಿದ್ದರು. ಬಂದ ಮೊದಲ ಸಂಜೆ ಸಿತಾರಿನ ಕ್ಯಾಸೆಟ್ ಹಾಕಿದೆ. ದನಿ ಹೊಳೆಯ ನೀರಿನಂತೆ ಸಲೀಸಾಗಿ ಬಂತು. ಗಂಟಲು ಹರಿಯುವುದು ಎಲ್ಲೂ ಇರಲಿಲ್ಲ. ಆದರೆ ಎಡಗಡೆಯ ಸ್ಪೀಕರ್ ಸಣ್ಣಗೆ ಕೇಳುತ್ತಿತ್ತು. ಹಾಡೆಲ್ಲ ಬಲಗಡೆಯ ಕಿಟಕಿಯ ಕಡೆಗೆ ವಾಲಿಕೊಂಡು ಕೂತಿತ್ತು.

ಮರುವಾರ ಪೆಟ್ಟಿಗೆ ಹೊತ್ತು ಹುಮನಾಬಾದಿಗೆ ಹೋದೆ. ಉಸ್ತಾದ್ ಮೀಟರ್ ಹಚ್ಚಿ ನೋಡಿದರು, ಅವರ ಸ್ಪೀಕರಿಗೆ ಹಚ್ಚಿ ಕೇಳಿದರು. “ಎರಡೂ ಬರಾಬರ್ ಅವ ನೋಡ್ರಿ ಮಾಸ್ತರ್.” ನಾನು ಒಪ್ಪಲಿಲ್ಲ. ಪಾಪ, ಎಡಗಡೆಯ ಟ್ರಾನ್ಸಿಸ್ಟರುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿಕೊಟ್ಟರು. ಮನೆಗೆ ಬಂದು ಹಚ್ಚಿದರೆ ಅದೇ ರಾಗ. ಮತ್ತೆ ಹೋದೆ. ಈ ಸಲ ಒಳಗಿನ ತಂತಿಗಳನ್ನೆಲ್ಲ ಬದಲಾಯಿಸಿದರು. ಮತ್ತೆ ಅದೇ. ಸಿಟ್ಟಿನಲ್ಲಿ, “ಕೈಲೆ ಕಟ್ಟಿದ ಮಾಲಿನ ಹಣೆಬರಾನೇ ಇಷ್ಟ್ರಿ,” ಎಂದು ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ. ಉಸ್ತಾದ್ ತಲೆ ಎತ್ತದೆ ಸೋಲ್ಡರ್ ಮಾಡುತ್ತಾ ಕೂತರು.

ಇಷ್ಟಾದರೂ, ಮುಂದೆ ವರ್ಷದ ಮೇಲೆ ಹೋದಾಗಲೆಲ್ಲ ಅವರು ನನ್ನ ಆ ನಾಲ್ಕು ಮಂದಿಯನ್ನು ವಿಚಾರಿಸುತ್ತಿದ್ದರು. ಏನಂತಾರ ನಿಮ್ಮ ದೋಸ್ತರು, ಅವರಿಗೂ ಎಡಕ್ಕ ಕಡಿಮಿ ಕೇಳ್ತದೇನು ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಸುಳ್ಳು ಒಂದು ಸಲ ಬೇರು ಬಿಟ್ಟ ಮೇಲೆ ಟೊಂಗೆ ಒಡೆಯುತ್ತ ಹೋಯಿತು. ಹಳೆಯ ಹಾಡೇ ಬೇಕೆನ್ನುವ ಹಿಂದಿ ಮಾಸ್ತರ, ಎರಡನೇ ಹಾಡಿಗೆ ಗೊರಕೆ ಹೊಡೆಯುವ ಡ್ರಾಯಿಂಗ್ ಮಾಸ್ತರ, ವಚನ ಬಂದರೆ ಕಣ್ಣು ಒರೆಸಿಕೊಳ್ಳುವ ಹೆಡ್‌ಮಾಸ್ತರ. ಅವರ ಕತೆಗಳಿಗೆ ಉಸ್ತಾದ್ ನಗುತ್ತಿದ್ದರು. ಬಸ್ಸಿನಲ್ಲಿ ತಿರುಗಿ ಬರುವಾಗ ನಾನೂ ನಗುತ್ತಿದ್ದೆ. ರಾಜೇಶ್ವರ ದಾಟುವ ತನಕ ಆ ನಾಲ್ವರು ನನ್ನ ಜೊತೆಗೇ ಇರುತ್ತಿದ್ದರು. ಮನೆಯ ಕೀಲಿ ತೆಗೆಯುವಾಗ ಯಾರೂ ಇರುತ್ತಿರಲಿಲ್ಲ, ಆ ಹೊತ್ತು ಮೊದಲಿಗಿಂತ ಹೆಚ್ಚು ಕಷ್ಟವಾಗುತ್ತಿತ್ತು.

ಕೊನೆಗೆ ಉಸ್ತಾದ್ ಹೇಳಿದರು, “ಹೀಂಗ ಮಾಡೋಣ ಮಾಸ್ತರ್. ಆಯಿತವಾರ ನಾನೇ ನಿಮ್ಮ ಮನಿಗಿ ಬರ್ತೀನಿ. ನಿಮ್ಮ ದೋಸ್ತರೂ ಇರ್ಲಿ. ಎಲ್ಲರೂ ಕುಂತಲ್ಲೇ ಕೇಳಿ ನೋಡೋಣ.”

ನನ್ನ ಪಡಸಾಲೆಯಲ್ಲಿ ಇದ್ದದ್ದು ಒಂದು ಕುರ್ಚಿ. ಗೋಡೆಗೆ ಒಂದು ಟ್ರಂಕು. “ಬ್ಯಾಡ್ರಿ, ನಿಮಗ ಯಾಕ ತ್ರಾಸು, ಸ್ಪೀಕರನ್ನೇ ತರ್ತೀನಿ,” ಎಂದೆ. ಆ ಭಾನುವಾರ ಎರಡು ಸ್ಪೀಕರು, ಆ ಭಾರದ ಪೆಟ್ಟಿಗೆ, ಮೂರನ್ನೂ ಬಸ್ಸಿಗೆ ಹೇರಿ ಹುಮನಾಬಾದಿಗೆ ಹೋದೆ. ಒಬ್ಬ ಮನುಷ್ಯ ಮನೆಗೆ ಬರುವುದನ್ನು ತಪ್ಪಿಸಲು ಇಷ್ಟು ಹೊತ್ತವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಉಸ್ತಾದ್ ಅಂಗಡಿಯ ನಡುವೆ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿದರು. ಮುಂದೆ ಎರಡು ಸ್ಪೀಕರು. ಹಾಡು ಹಚ್ಚಿದರು. ಎಡಗಡೆಗೆ ಕಡಿಮೆ ಎಂದೆ. ಅವರು ತಂತಿಗಳನ್ನು ಅದಲು ಬದಲು ಮಾಡಿದರು. ಎಡಗಡೆಗೇ ಕಡಿಮೆ ಎಂದೆ. ಸ್ಪೀಕರುಗಳನ್ನೇ ಎತ್ತಿ ಜಾಗ ಬದಲಿಸಿದರು. ಆಗಲೂ ಎಡಗಡೆಗೇ ಕಡಿಮೆ. ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, “ಜರಾ ಹಿಂದಕ ತಿರುಗಿ ಕುಂದರ್ರಿ. ಸ್ಪೀಕರಕ ಬೆನ್ನು ಮಾಡಿ,” ಎಂದರು.

ತಿರುಗಿ ಕೂತೆ. ಏನನ್ನೂ ಮುಟ್ಟಿರಲಿಲ್ಲ, ಹಾಡು ಅದೇ ನಡೆದಿತ್ತು. ಈ ತನಕ ಗಟ್ಟಿಯಾಗಿ ಹಾಡುತ್ತಿದ್ದ ಪೆಟ್ಟಿಗೆ ಈಗ ನನ್ನ ಎಡಕ್ಕೆ ಬಂದಿತ್ತು. ಅದೇ ಸಣ್ಣಗಾಗಿತ್ತು.

ಉಸ್ತಾದ್ ಹಾಡು ನಿಲ್ಲಿಸಿದರು. “ಮಾಸ್ತರ್, ಬೇಜಾರ್ ಮಾಡ್ಕೋಬ್ಯಾಡ್ರಿ. ಆಂಪ್ಲಿ ಬರಾಬರ್ ಅದ, ಸ್ಪೀಕರೂ ಬರಾಬರ್ ಅವ. ಒಮ್ಮಿ ನಿಮ್ಮ ಎಡಗಿವಿ ಡಾಕ್ಟರಿಗಿ ತೋರಿಸ್ರಿ.”

ನಾನು ಕೂಗಾಡಿದೆ. ದಿನವೂ ನಲವತ್ತು ಮಕ್ಕಳ ಗದ್ದಲ ಕೇಳುವ ಕಿವಿ ಇದು, ಕೆಲಸ ಬರದಿದ್ದರೆ ಬರುವುದಿಲ್ಲ ಅನ್ನಬೇಕು, ಗಿರಾಕಿಯ ಕಿವಿಯ ಮೇಲೆ ಯಾಕೆ ಹಾಕುತ್ತೀರಿ ಎಂದೆಲ್ಲ ಅಂದೆ. ಅವರು ತರಿಸಿದ್ದ ಚಹಾ ಕುಡಿಯದೆ ಸಾಮಾನು ಕಟ್ಟಿಕೊಂಡು ಹೊರಟೆ. ಬಸ್ಸಿಗೆ ಸ್ಪೀಕರ್ ಏರಿಸಿಕೊಟ್ಟವರೂ ಅವರೇ.

ಮನೆಗೆ ಬಂದು ಹದಿನೈದು ದಿನ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಪ್ರಶ್ನೆ ಕೇಳುತ್ತಿದ್ದೆ. ನಮ್ಮ ಸಾಲೆಯಲ್ಲಿ ಹುಡುಗಿಯರು ನನ್ನ ಎಡಕ್ಕೆ, ಹುಡುಗರು ಬಲಕ್ಕೆ ಕೂಡುತ್ತಿದ್ದರು. ಹುಡುಗಿಯರಿಗೆ ದನಿಯೇ ಇಲ್ಲ ಎಂಬುದು ನನ್ನ ಬಹಳ ವರ್ಷದ ಸಿಟ್ಟು. ಬಾಯಲ್ಲಿ ಹಿಟ್ಟು ಇಟ್ಟುಕೊಂಡಿದ್ದೀರೇನು ಎಂದು ಬೈಯದ ದಿನವಿರಲಿಲ್ಲ. ಅವತ್ತು ಎದ್ದು ನಿಂತ ಹುಡುಗಿಯ ತುಟಿ ಅಲುಗುವುದನ್ನು ನೋಡುತ್ತಾ, ಬೈಯುವ ಮೊದಲು ಬಲಗಿವಿಯನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಸಾಕಷ್ಟು ಗಟ್ಟಿಯಾಗಿಯೇ, ಪೂರ್ತಿ ಸರಿಯಾದ ಉತ್ತರವನ್ನು ಮೂರನೇ ಸಲ ಹೇಳುತ್ತಿದ್ದಳು. ಪಾಠ ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಓದಿಕೊಳ್ಳಲು ಹೇಳಿದೆ.

ಗುಲಬರ್ಗಾದ ಡಾಕ್ಟರು ಕಿವಿಯ ಹತ್ತಿರ ಏನೇನೋ ಮಿಡಿದು ಪರೀಕ್ಷೆ ಮಾಡಿದರು. ಎಡಗಿವಿಯ ನರ ಬಹಳ ಹಿಂದೆಯೇ ಸೋತಿದೆ, ಅರ್ಧಕ್ಕಿಂತ ಕಡಿಮೆ ಉಳಿದಿದೆ, ಔಷಧಿ ಇಲ್ಲ ಎಂದರು. ಮಂಗನಬಾವು ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಮದುವೆಯಾಗಿ ಎರಡು ತಿಂಗಳಿಗೆ ಕೆನ್ನೆ ಎರಡೂ ಬಾತು, ಜ್ವರ ಬಂದು ವಾರಗಟ್ಟಲೆ ಮಲಗಿದ್ದೆ. ಹೆಂಡತಿ ದಿನಕ್ಕೆ ಮೂರು ಸಲ ಹುರಮಂಜಿನ ಕೆಂಪು ಕಲ್ಲು ತೇದು ಕೆನ್ನೆಗೆ ಹಚ್ಚುತ್ತಿದ್ದಳು. “ಒಂದು ಕಿವಿ ಸರಿ ಇದ್ದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ,” ಎಂದರು ಡಾಕ್ಟರು. “ಗದ್ದಲ ಇರುವಾಗ ಆ ಕಡೆಯಿಂದ ಮಾತಾಡಿದರೆ ಕೇಳುವುದಿಲ್ಲ ಅಷ್ಟೇ. ಮನೆಯವರು ಯಾರೂ ಹೇಳಲಿಲ್ಲವೇ?”

ಬಸ್ಸಿನಲ್ಲಿ ಬರುವಾಗ, ಗೋಡೆಯ ಜೊತೆ ಮಾತಾಡಿದ ಹಾಗಾಯಿತು ಎಂದು ಅವಳು ಅಂದದ್ದು ನೆನಪಾಯಿತು. ಅದೂ ಇದೂ ಒಂದೇ ಇರಲಾರದು ಎಂದುಕೊಂಡೆ. ಇರಬಾರದು ಎಂದು ಬೇಡಿಕೊಂಡೆ ಎನ್ನುವುದೇ ಸರಿ. ಈಗ ತಿಳಿದು ಯಾರಿಗೆ ಏನು ಪ್ರಯೋಜನ? ಅವಳಿಗೆ ಅಷ್ಟರಲ್ಲಿ ಒಂದು ಮಗುವೂ ಆಗಿತ್ತು. ದಾರಿಯಲ್ಲಿ ಹುಮನಾಬಾದು ಬಂತು. ಬಸವಕಲ್ಯಾಣದ ತನಕ ಟಿಕೆಟ್ ಇತ್ತು, ಆದರೂ ಇಳಿದುಬಿಟ್ಟೆ.

ಉಸ್ತಾದ್ ಒಬ್ಬರೇ ಇದ್ದರು. ಏನೂ ಆಗಿಲ್ಲವೆಂಬಂತೆ, “ಬರ್ರಿ ಮಾಸ್ತರ್, ಕುಂದರ್ರಿ,” ಎಂದರು. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ತಲೆದೂಗಿದರು.

“ನಿಮ್ಮ ಕಿವಿಗಿ ಹೊಂದೋ ಆಂಪ್ಲಿ ಮಾಡ್ಲಾಕ ಬರ್ತದ್ರಿ. ಎಡಕ್ಕ ಒಂದು ದೊಡ್ಡದು, ಬಲಕ್ಕ ಒಂದು ಸಣ್ಣದು. ಬ್ಯಾರೆ ಬ್ಯಾರೆ ಡಬ್ಬಿ. ಅವತ್ತೇ ನನ್ನ ತಲ್ಯಾಗ ಬಂದಿತ್ತು. ಆದ್ರ ಹಂಗ ಮಾಡಿದ್ರ ಉಳದ ನಾಕ್ ಮಂದಿಗಿ ಕೆಟ್ಟ ಕೇಳ್ತದ. ನಿಮ್ಮ ಒಬ್ಬರ ಸಲುವಾಗಿ ಅವರ ಮೈಫಿಲ್ ಹ್ಯಾಂಗ ಕೆಡಸ್ಲಿ?”

ಎರಡು ವರ್ಷ ಒಬ್ಬ ಮನುಷ್ಯ ನನ್ನ ಸುಳ್ಳನ್ನು ನಂಬಿ, ನನ್ನ ಬೈಗುಳ ತಿಂದು, ಇಲ್ಲದ ನಾಲ್ವರ ಕಿವಿಯನ್ನು ಕಾಯ್ದಿದ್ದ. “ಮಂದಿ ಯಾರೂ ಬರಂಗಿಲ್ರಿ ಉಸ್ತಾದ್,” ಎಂದೆ. “ಐದೂ ಸುಳ್ಳು, ಮೈಫಿಲೂ ಸುಳ್ಳು. ನಾ ಒಬ್ಬನೇ ಇರ್ತೀನಿ. ಮನಿಯಾಕೀನೂ ಬಿಟ್ಟು ಹೋಗ್ಯಾಳ.”

ಉಸ್ತಾದ್ ನಗಲಿಲ್ಲ. ಅಯ್ಯೋ ಎನ್ನಲೂ ಇಲ್ಲ. “ಆ ಡ್ರಾಯಿಂಗ್ ಮಾಸ್ತರ್ ಸುದ್ದಾ ಇಲ್ಲೇನು?” ಎಂದು ಮಾತ್ರ ಕೇಳಿದರು. ಅವರಿಗೆ ನಿಜವಾಗಿಯೂ ಬೇಜಾರಾದಂತೆ ಕಂಡಿತು. ಆಮೇಲೆ, “ಒಬ್ಬರಿಗಾದ್ರ ಕೆಲಸ ಭಾಳ ಸುಲಭ ಅದ್ರಿ,” ಎಂದು ಪೆನ್ಸಿಲು ತೆಗೆದರು.

ಎರಡು ಪೆಟ್ಟಿಗೆಗಳಾದವು. ಒಂದು ದೊಡ್ಡದು, ಒಂದು ಅದರ ಅರ್ಧ. ಎರಡರ ಮುಚ್ಚಳದ ಒಳಗೂ ಉರ್ದುವಿನ ಒಂದು, ಒಂಟಿ ಗೀಟು. ಈ ಸಲ ಅವರು ಬರುತ್ತೇನೆ ಅಂದಾಗ ಬೇಡ ಎನ್ನಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಪೆಟ್ಟಿಗೆಗಳನ್ನು ತಂದು, ಚಪ್ಪಲಿ ಬಿಟ್ಟು ಒಳಗೆ ಬಂದರು. ವರ್ಷಗಳ ಮೇಲೆ ಆ ಹೊಸ್ತಿಲು ದಾಟಿದವರು ಅವರೇ. ಒಂದು ಕುರ್ಚಿ, ಒಂದು ಟ್ರಂಕು, ಹಗ್ಗದ ಮೇಲೆ ಒಬ್ಬನ ಬಟ್ಟೆ. ಎಲ್ಲವನ್ನೂ ನೋಡಿದರು, ಪೆಟ್ಟಿಗೆಗಳ ಕಟ್ಟು ಬಿಚ್ಚಿದರು.

ತಂತಿ ಹಚ್ಚಿ, ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಸ್ಕ್ರೂಡ್ರೈವರಿನಿಂದ ಎಡಗಡೆಯ ಪೆಟ್ಟಿಗೆಯ ಹಿಂದೆ ಕೂದಲೆಳೆಯಷ್ಟು ತಿರುವುತ್ತ ಹೋದರು. ಈಗ ಹ್ಯಾಂಗ, ಈಗ ಹ್ಯಾಂಗ ಎಂದು ಕೇಳುತ್ತ ಹೋದರು. ಒಂದು ತಿರುವಿಗೆ ಹಾಡು ಕಿಟಕಿಯನ್ನು ಬಿಟ್ಟು ಎದ್ದು, ಮೆಲ್ಲಗೆ ಸರಿದು, ಎರಡೂ ಪೆಟ್ಟಿಗೆಗಳ ನಡುವೆ ನನ್ನ ಎದುರಿಗೆ ಬಂದು ಕೂತಿತು. ಹಾಡುವವನು ನನ್ನ ಮುಂದೆಯೇ ಇದ್ದ. ನನಗೆ ಅಳು ಬಂತು, ಅತ್ತುಬಿಟ್ಟೆ.

ಉಸ್ತಾದ್ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿ ಕಿವಿ ಮುಚ್ಚಿಕೊಂಡರು. ಅವರಿಗೆ ಎಡಗಡೆ ಬರೀ ಗದ್ದಲ. ಟ್ರಂಕನ್ನು ಬಲಗಡೆಗೆ, ಕಿಟಕಿಯ ಹತ್ತಿರಕ್ಕೆ ಎಳೆದು ಅದರ ಮೇಲೆ ಕೂತರು. “ನನಗ ಇಲ್ಲಿ ಬರಾಬರ್ ಆತು ನೋಡ್ರಿ,” ಎಂದರು. ಇಬ್ಬರೂ ಒಂದು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಕೇಳಿದೆವು. ಇನ್ನೊಂದು ಬದಿ ಹಾಕಿದಾಗ, ಗುಲಬರ್ಗಾದಿಂದ ಬಂದ ದಿನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

“ಉಸ್ತಾದ್, ಒಂದು ಕೆಲಸ ಮಾಡ್ರಿ. ಹಾಡು ಹಿಂಗೇ ಇರ್ಲಿ. ಆ ಅಡಿಗಿಮನಿ ಬಾಗಿಲದಾಗ ನಿಂತು ಏನರ ಮಾತಾಡ್ರಿ. ಒದರಬ್ಯಾಡ್ರಿ. ಮನ್ಯಾಗ ಮಾತಾಡಿದಂಗ ಮಾತಾಡ್ರಿ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಎದ್ದು ನನ್ನ ಎಡಕ್ಕೆ ಹೋದರು. ನಾನು ತಿರುಗಲಿಲ್ಲ. ಹಿಂದೆ ದಿನಾಲೂ ಕೂಡುತ್ತಿದ್ದ ಹಾಗೆಯೇ ಬೀದಿಯ ಕಡೆ ಮುಖ ಮಾಡಿ ಕೂತೆ. ಹಾಡು ನಡೆದಿತ್ತು. ಕಾಯ್ದೆ. ಇನ್ನೂ ಶುರು ಮಾಡಿಲ್ಲವೇನೋ ಎಂದುಕೊಂಡೆ. ಎಷ್ಟೋ ಹೊತ್ತಾದ ಮೇಲೆ ಅವರೇ ನನ್ನ ಮುಂದೆ ಬಂದು ನಿಂತರು.

“ಏನರ ಅಂದ್ರೇನ್ರಿ?” ಎಂದು ಕೇಳಿದೆ.

“ಮೂರ್ ಸಲ ಅಂದೆ,” ಎಂದರು ಉಸ್ತಾದ್. “ಏನ್ ಅನ್ಬೇಕೋ ತಿಳೀಲಿಲ್ಲ. ಚಹಾ ಇಡ್ಲೇನ್ರಿ ಅಂದೆ. ನೀವು ಹೊಳ್ಳಿ ಸುದ್ದಾ ನೋಡ್ಲಿಲ್ಲ. ನೀವೇ ನಿಲ್ಲಿಸೀರಿ ಅಂತ ಗೊತ್ತಿದ್ರೂ ಮೂರನೇ ಸಲಕ ಜರಾ ಸಿಟ್ಟ ಬಂತ್ರಿ ನನಗ.”

ನನ್ನ ಅಷ್ಟೆಲ್ಲ ಬೈಗುಳಕ್ಕೆ ತಲೆ ಎತ್ತದ ಮನುಷ್ಯನಿಗೆ ಮೂರು ಸಲಕ್ಕೆ ಸಿಟ್ಟು ಬಂದಿತ್ತು. ಅವಳು ನಾಲ್ಕು ವರ್ಷ ಕೇಳಿದ್ದಳು.

ಎದ್ದು ಹಾಡು ನಿಲ್ಲಿಸಿದೆ. ಉಸ್ತಾದ್ ಇನ್ನೂ ಉತ್ತರಕ್ಕೆ ಕಾಯುವವರಂತೆ ನಿಂತೇ ಇದ್ದರು.

“ಇಡ್ರಿ,” ಎಂದೆ.

ಅವರು ಒಳಗೆ ಹೋಗಿ ಸ್ಟೋವ್ ಹಚ್ಚಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಕ್ಕರೆ ಡಬ್ಬಿ ಎಲ್ಲಿದೆ ಎಂದು ತೋರಿಸಿದೆ. ಮನೆಯಲ್ಲಿ ಕಪ್ಪು ಒಂದೇ ಇತ್ತು. ಅದನ್ನು ಅವರಿಗೆ ಕೊಟ್ಟು ನಾನು ನೀರಿನ ಲೋಟದಲ್ಲಿ ಕುಡಿದೆ.